ನಲವತ್ತೊಂದನೆಯ ಗೆರೆ

ಕರೇಬಂಡಿ ಅಣೆಕಟ್ಟು, ಎಡದಂಡೆ
೨೨೧೯ನೆಯ ಇಸವಿ, ಫೆಬ್ರವರಿ ೩೦

ಅಣೆಕಟ್ಟು ಒಪ್ಪಂದದ ಕರಡು ಸಮಿತಿಯ ಎಂಜಿನಿಯರರಿಗೆ ನೀಲಗಂಗಾ ಕುಂಬಾರಳ ಶರಣು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಗೊತ್ತು. ನಮ್ಮಲ್ಲಿ ಇದೆ. ಒಂದು ದೇಶದ ನೀರನ್ನು ಇನ್ನೊಂದು ದೇಶದ ನೀರಿನೊಡನೆ ಹೋಲಿಸಲು ಸುಲಭವಾಗಲೆಂದು ಹದಿನೆಂಟು ದೇಶಗಳ ಅಣೆಕಟ್ಟು ಎಂಜಿನಿಯರುಗಳು ಕೂಡಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಇಟ್ಟರು. ಮಿಕ್ಕ ಐದು ದಿನಗಳಿಗೆ ‘ಉಳಿಕೆ ದಿನ’ ಎಂದು ಹೆಸರು. ಆ ದಿನಗಳಲ್ಲಿ ಗೇಟುಗಳಿಗೆ ಗ್ರೀಸ್ ಹಚ್ಚುತ್ತೇವೆ, ಹೋಳಿಗೆ ಮಾಡಿ ಉಣ್ಣುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕರಡನ್ನು ಓದುವಾಗ ನನಗೂ ಹಾಗೇ ಅನ್ನಿಸಿತ್ತು.

ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ನಮ್ಮಲ್ಲಿ ‘ಹಿಮ್ಮುಖ ಅಂಚೆ’ ಎಂಬುದೊಂದಿದೆ. ಒಬ್ಬ ಮನುಷ್ಯನಿಗೆ ಆಯುಷ್ಯದಲ್ಲಿ ಒಂದೇ ಸಲ ಹಿಂದಿನ ಕಾಲಕ್ಕೆ ಒಂದು ಪತ್ರ ಹಾಕಲು ಅವಕಾಶ. ತಲುಪೇ ತಲುಪುತ್ತದೆ ಎಂದು ಅಂಚೆಯವರು ಆಣೆ ಮಾಡಿ ಹೇಳುತ್ತಾರೆ, ರಸೀದಿ ಮಾತ್ರ ಕೊಡುವುದಿಲ್ಲ. ರಸೀದಿ ಕೊಡದವರನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. ಆದರೂ ನನ್ನ ಒಂದೇ ಒಂದು ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನೀವು ಬರೆದ ಒಂದು ಸಾಲಿನಿಂದ ನನ್ನ ಮಗಳು ನೀರುಪಾಲಾಗುವುದರಲ್ಲಿದ್ದಳು.

ಆ ಸಾಲು ನಿಮ್ಮ ಕರಡಿನ ಹದಿನಾಲ್ಕನೆಯ ಕಲಮಿನಲ್ಲಿದೆ: ‘ಎರಡೂ ಅಳತೆಗಳು ಪರಸ್ಪರ ತಾಳೆಯಾಗತಕ್ಕದ್ದು.’ ಬರೆದವರು ಸಜ್ಜನರೇ ಇರಬೇಕು. ಸಜ್ಜನರು ಬರೆದದ್ದನ್ನು ಎರಡು ಸಲ ಓದಬೇಕೆಂದು ನಾನು ಕಲಿತದ್ದು ಆಮೇಲೆ.

ನಮ್ಮ ಕಾಲದ ಪದ್ಧತಿಯನ್ನು ಮೊದಲು ಹೇಳುತ್ತೇನೆ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಅಣೆಕಟ್ಟುಗಳಿಗೆಲ್ಲ ಯಂತ್ರದ ಕಣ್ಣುಗಳಿದ್ದವಂತೆ. ಯಾರೋ ಎಲ್ಲೋ ಕೂತು ಆ ಯಂತ್ರಗಳ ಬಾಯಲ್ಲಿ ಸುಳ್ಳು ಹೇಳಿಸಿದರು, ಎರಡು ದೇಶಗಳು ಕೋವಿ ಹಿಡಿದು ನಿಂತವು. ಆಮೇಲೆ ಯಂತ್ರ ಬೇಡ, ಮನುಷ್ಯನ ಕಣ್ಣೇ ಇರಲಿ ಎಂದಾಯಿತು. ಆದರೆ ತನ್ನ ದೇಶದ ಅಣೆಕಟ್ಟಿನ ಬಿರುಕನ್ನು ಯಾವನು ತಾನೇ ಬಾಯಿಬಿಟ್ಟು ಹೇಳಿಯಾನು? ಹಾಗಾಗಿ ನಿಮ್ಮ ಹಳೆಯ ಕಲಮಿನ ‘ಎರಡೂ ಅಳತೆ’ಯನ್ನೇ ಹಿಡಿದು ಪ್ರತಿ ಅಣೆಕಟ್ಟಿಗೂ ಇಬ್ಬರು. ಒಬ್ಬರು ‘ಊರಗಣ್ಣು’, ಅಂದರೆ ಆ ಊರಿನವರು. ಇನ್ನೊಬ್ಬರು ‘ಪರಗಣ್ಣು’, ದೂರದ ದೇಶದಿಂದ ಬಂದವರು. ಕರೇಬಂಡಿಯ ಊರಗಣ್ಣು ನಾನು. ಪರಗಣ್ಣು ತಾಜಿಕ್ ದೇಶದ ದವ್ಲತ್.

ನಮ್ಮ ಕೆಲಸ ಇಷ್ಟೇ. ಅಣೆಕಟ್ಟಿನ ಹೊಟ್ಟೆಯೊಳಗೆ ಒಂದು ಓಣಿ ಇದೆ, ನೂರಾ ಹನ್ನೆರಡು ಮೆಟ್ಟಿಲು ಇಳಿಯಬೇಕು. ಅಣೆಕಟ್ಟು ಒಳಗೊಳಗೇ ಸೋರುವ ನೀರೆಲ್ಲ ತಳದಲ್ಲಿ ಒಂದು ಕಾಲುವೆಗೆ ಬಂದು, ಒಂದು ಉಕ್ಕಿನ ತಗಡಿನ ಕಚ್ಚಿನಿಂದ ಹಾಯುತ್ತದೆ. ತಗಡಿನ ಪಕ್ಕದ ಪಟ್ಟಿಯ ಮೇಲೆ ನೀರು ಎಷ್ಟನೆಯ ಗೆರೆಗೆ ಮುಟ್ಟಿದೆ ಎಂದು ನೋಡಿ ಬರೆಯಬೇಕು. ಎಪ್ಪತ್ತು ದಾಟಿದರೆ ಅಪಾಯ. ಬೆಳಿಗ್ಗೆ ಆರಕ್ಕೆ ಅವನು, ಸಂಜೆ ನಾಲ್ಕಕ್ಕೆ ನಾನು. ಇಬ್ಬರಿಗೂ ಒಂದೇ ಪುಸ್ತಕ. ತಳದಲ್ಲಿಟ್ಟರೆ ನೆನೆಯುತ್ತದೆ ಎಂದು ಅದನ್ನು ಐವತ್ತನೆಯ ಮೆಟ್ಟಿಲಿನ ಕಟ್ಟೆಯ ಮೇಲೆ, ಪಂಪುಗಳು ಗುಂಯ್‌ಗುಡುವ ಜಾಗದಲ್ಲಿ, ಒಂದು ಮೇಜಿನ ಮೇಲೆ ಇಟ್ಟಿದ್ದೆವು. ಸಂಜೆಯ ಅಂಕಿಯನ್ನು ಕೆಳಗಿನ ಹೊಳೆಸಾಲದ ಬಸ್ ಸ್ಟ್ಯಾಂಡಿನ ಹಲಗೆಯ ಮೇಲೆ ಬರೆಯುತ್ತಾರೆ. ಹೊಳೆಸಾಲ ನೇಕಾರರ ಊರು. ನನ್ನ ಮಗಳು ಮಹಾನಂದಾಳ ಮನೆ, ಮಗ್ಗ ಎರಡೂ ಹೊಳೆದಂಡೆಯಲ್ಲೇ ಇವೆ. ಅಲ್ಲಿಯ ಜನ ಹಲಗೆ ನೋಡಿ, ‘ನಲವತ್ತೊಂದಂತ, ಚಿಂತಿ ಇಲ್ಲ’ ಅಂದುಕೊಂಡು ಮನೆಗೆ ಹೋಗುತ್ತಾರೆ.

ದವ್ಲತ್ ಬಂದ ಹೊಸತರಲ್ಲಿ ಅವನು ನಲವತ್ತೊಂದು ಬರೆದ ದಿನ ನಾನು ನಲವತ್ತನಾಲ್ಕು ಬರೆದೆ. ಮೂರು ಗೆರೆ ವ್ಯತ್ಯಾಸ, ಅಷ್ಟೇ. ಒಂದು ಗೆರೆಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹದಿನೆಂಟೂ ದೇಶಗಳಲ್ಲಿ ‘ಗುಮಾನಿ ಗಂಟೆ’ ಬಾರಿಸುತ್ತದೆ. ಅಯ್ಯೋ, ಆಮೇಲಿನ ಎರಡು ದಿನದ ವಿಚಾರಣೆ ಯಾರಿಗೂ ಬೇಡ! ಹದಿನೆಂಟು ದೇಶದವರಿಗೆ ಒಂದೇ ಮಾತನ್ನು ಹದಿನೆಂಟು ಸಲ ಹೇಳಿದೆವು. ಯಾರೂ ನಂಬಲಿಲ್ಲ. ದೀಪ ಮಸುಕಾಗಿತ್ತು ಎಂದು ಕೊನೆಗೆ ತೀರ್ಮಾನಿಸಿ, ಇನ್ನೊಮ್ಮೆ ಹೀಗಾದರೆ ಇಬ್ಬರನ್ನೂ ಕೆಲಸದಿಂದ ತೆಗೆಯುವುದಾಗಿ ಹೇಳಿ ಬಿಟ್ಟರು.

ಆಮೇಲೆ ಮೂರು ವರ್ಷ ನಮ್ಮ ಪುಸ್ತಕದಷ್ಟು ಚೊಕ್ಕ ಪುಸ್ತಕ ಬೇರೆ ಯಾವ ಅಣೆಕಟ್ಟಿನಲ್ಲೂ ಇರಲಿಲ್ಲ. ನಲವತ್ತೊಂದು, ನಲವತ್ತೆರಡು, ನಲವತ್ತೊಂದು. ಎರಡು ದೇಶಗಳ ಸಹಕಾರಕ್ಕೆ ಮಾದರಿ ಎಂದು ನಮಗೆ ಶಾಲು ಹೊದಿಸಿ ಫೋಟೋ ತೆಗೆದರು.

ನನ್ನ ಬುದ್ಧಿ ನಿಮಗೆ ಗೊತ್ತಿಲ್ಲ. ಹಾಲು ಕೊಟ್ಟರೂ ಮೂಸಿ ನೋಡಿ ಕುಡಿಯುವವಳು ನಾನು. ಈ ಸಲದ ಮಳೆಗೆ ಕೆರೆಯಂತಿದ್ದ ಜಲಾಶಯ ಸಮುದ್ರದಂತೆ ತುಂಬಿತು, ಅಂಕಿ ಮಾತ್ರ ನಲವತ್ತೊಂದು ಬಿಟ್ಟು ಅಲುಗಲಿಲ್ಲ. ತುಂಬಿದ ಕೊಡ ಹೆಚ್ಚು ಸೋರಬೇಕಲ್ಲ? ಈ ದವ್ಲತ್ ಕೆಳಗೆ ಇಳಿಯುತ್ತಲೇ ಇಲ್ಲ ಎಂಬ ಗುಮಾನಿ ನನ್ನ ತಲೆಗೆ ಹೊಕ್ಕಿತು. ಹೆಸರು ದವ್ಲತ್, ಆದರೆ ಮನುಷ್ಯನಲ್ಲಿ ದೌಲತ್ತು ಇಷ್ಟೂ ಇಲ್ಲ. ಮೆಸ್ಸಿನ ಗಂಗವ್ವನಿಂದ ಕನ್ನಡ ಕಲಿತು ಅಪ್ಪಟ ನಮ್ಮ ಕಡೆಯವರಂತೆ ಮಾತಾಡುತ್ತಾನೆ, ತಟ್ಟೆ ತಾನೇ ತೊಳೆಯುತ್ತಾನೆ, ಊರಿಂದ ಬಂದ ಒಣ ಜರ್ದಾಳು ಹಣ್ಣನ್ನು ಮೊದಲು ನನಗೆ ಕೊಡುತ್ತಾನೆ. ಇಷ್ಟು ಒಳ್ಳೆಯವನು ಯಾಕಿರಬೇಕು? ಏನನ್ನು ಮುಚ್ಚಿಡಲು ಈ ವಿನಯ? ಅವನ ಜರ್ದಾಳುವನ್ನೂ ಬಿಡಿಸಿ ನೋಡಿ ತಿನ್ನತೊಡಗಿದೆ.

ಒಂದು ಸೋಮವಾರ ಸಂಜೆ ಮನೆಯಿಂದ ರಂಗೋಲಿ ಪುಡಿ ಒಯ್ದು, ಪುಸ್ತಕದ ಕಟ್ಟೆಯಿಂದ ಕೆಳಗಿನ ಮೆಟ್ಟಿಲಿನ ಮೇಲೆ ತೆಳ್ಳಗೆ ಉದುರಿಸಿದೆ. ಇಳಿದರೆ ಹೆಜ್ಜೆ ಮೂಡಲೇಬೇಕು. ಮಂಗಳವಾರ ನೋಡಿದೆ, ಪುಡಿ ಹಾಗೇ ಇತ್ತು. ಬುಧವಾರ ನೋಡಿದೆ, ಇರುವೆ ಕೂಡ ಹಾಯ್ದಿರಲಿಲ್ಲ. ಪುಸ್ತಕದಲ್ಲಿ ಮಾತ್ರ ಎರಡೂ ಬೆಳಿಗ್ಗೆ ನಲವತ್ತೊಂದು ಎಂದು ದುಂಡಗೆ ಬರೆದಿತ್ತು. ಸಿಕ್ಕಿಬಿದ್ದ ಕಳ್ಳ! ನನಗಾದ ಖುಷಿಯನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಗುರುವಾರ ಬೆಳಿಗ್ಗೆ ಮೆಸ್ಸಿನಲ್ಲಿ ಅವನು ರೊಟ್ಟಿ ಮುರಿಯುತ್ತಿದ್ದಾಗ ಎಲ್ಲರೆದುರು ಹೋಗಿ, ‘ಎರಡು ದಿನ ಆತು ರಂಗೋಲಿ ಹಾಕಿ. ಒಂದ ಹೆಜ್ಜಿ ಬಿದ್ದಿಲ್ಲ. ಏನಂತೀಯಪಾ ಇದಕ್ಕ?’ ಎಂದು ಕೇಳಿದೆ.

ಅವನು ರೊಟ್ಟಿ ಕೆಳಗಿಟ್ಟ. ಮೆಲ್ಲಗೆ ಹೇಳಿದ: ‘ಹೌದ್ರೀ ಅಕ್ಕಾರ, ನಾನೂ ನೋಡೀನಿ. ಎರಡು ದಿನದಿಂದ ನೋಡಾಕತ್ತೀನಿ. ನಿಮ್ಮ ಹೆಜ್ಜೀನೂ ಇಲ್ಲಲ್ರೀ ಅದರಾಗ.’

ನಾನೇನು ಮಾಡುತ್ತಿದ್ದೆ ಎಂದು ನೀವು ಇಲ್ಲಿಯವರೆಗೆ ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಅನುಮಾನ ಪಡುವವರ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಮೂರು ವರ್ಷದಿಂದ ನನ್ನ ಮೊಣಕಾಲು ಹಿಡಿದುಕೊಂಡಿದೆ. ಐವತ್ತು ಮೆಟ್ಟಿಲು ಇಳಿದು, ಅವನು ಬೆಳಿಗ್ಗೆ ಬರೆದದ್ದನ್ನು ನೋಡಿ, ಅದನ್ನೇ ಅಥವಾ ಒಂದು ಹೆಚ್ಚು ಬರೆದು ಹತ್ತಿ ಬರುತ್ತಿದ್ದೆ. ಹೇಗಿದ್ದರೂ ತಾಳೆಯಾಗಬೇಕು, ಇಳಿದು ನೋಡಿ ಬೇರೆ ಅಂಕಿ ಬಂದರೆ ಗಂಟೆ ಬಾರಿಸುತ್ತದೆ, ಅವನಂತೂ ನೋಡಿಯೇ ಇರುತ್ತಾನೆ ಎಂಬ ಧೈರ್ಯ. ಅವನಾದರೋ ಹಿಂದಿನ ಸಂಜೆಯ ನನ್ನ ಅಂಕಿಯನ್ನು ನೋಡಿ ಬರೆಯುತ್ತಿದ್ದ. ‘ನೀವು ಅನುಮಾನದ ಮನುಷ್ಯಾರು. ನೋಡದ ಬರೀತೀರಿ ಅಂತ ನಾ ಹೆಂಗ ತಿಳೀಲಿ ಅಕ್ಕಾರ? ನಿಮ್ಮ ಮಾತು ಮೀರಬಾರದು ಅಂತ ಬರದೆ’ ಎಂದ. ಮೂರು ವರ್ಷ ಆ ತಗಡನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ.

ಇಬ್ಬರೂ ಕೂಡಿಯೇ ಇಳಿದೆವು. ಮುಂದಿನ ಅರವತ್ತೆರಡು ಮೆಟ್ಟಿಲನ್ನು ಅವನ ಹೆಗಲು ಹಿಡಿದು ಇಳಿದೆ. ತಳದಲ್ಲಿ ತಗಡು ಕಾಣಲಿಲ್ಲ. ಗೆರೆಯ ಪಟ್ಟಿ ಪೂರ್ತಿ ಮುಳುಗಿ, ಅದರ ಮೇಲೆ ಒಂದು ಗೇಣು ನೀರು ಹರಿಯುತ್ತಿತ್ತು. ನೀರು ತಿಳಿಯಾಗಿದ್ದರೆ ಅಷ್ಟು ಭಯವಿರಲಿಲ್ಲ. ಅದು ಕಪ್ಪಗಿತ್ತು. ಅಣೆಕಟ್ಟಿನ ಹೊಟ್ಟೆಯ ಎರೆಮಣ್ಣನ್ನು ನೀರು ಒಳಗಿಂದ ತಿಂದು ತರುತ್ತಿತ್ತು. ದವ್ಲತ್ ತನ್ನ ಕುಡಿಯುವ ನೀರಿನ ಬಾಟಲಿ ಚೆಲ್ಲಿ, ಅದರಲ್ಲಿ ಈ ನೀರು ತುಂಬಿಕೊಂಡ. ಮೇಲೆ ಬಂದು ಗಂಟೆಯನ್ನು ನನ್ನ ಕೈಯಾರೆ ಬಾರಿಸಿದೆ.

ಗೇಟುಗಳನ್ನು ತೆರೆದು ಜಲಾಶಯ ಇಳಿಸತೊಡಗಿದರು. ಸಂಜೆಯೊಳಗೆ ಹೊಳೆಸಾಲ ಖಾಲಿಯಾಗಬೇಕೆಂದು ಹುಕುಂ ಆಯಿತು. ನಾವಿಬ್ಬರೂ ಜೀಪಿನಲ್ಲಿ ಇಳಿದೆವು. ಅರ್ಧ ಊರು ಗಂಟು ಕಟ್ಟುತ್ತಿತ್ತು, ಉಳಿದರ್ಧ ಬಸ್ ಸ್ಟ್ಯಾಂಡಿನ ಹಲಗೆಯ ಮುಂದೆ ನಿಂತು ವಾದ ಮಾಡುತ್ತಿತ್ತು. ಹಲಗೆಯ ಮೇಲೆ ಇನ್ನೂ ನಲವತ್ತೊಂದೇ ಇತ್ತು. ನಾನು ಎಲ್ಲ ಒಪ್ಪಿಕೊಂಡು ಹೇಳಿದರೂ ಮಹಾನಂದಾ ಮಗ್ಗದ ಗುಂಡಿಯಿಂದ ಮೇಲೇಳಲಿಲ್ಲ. ಅವಳಿಗೆ ಏಳು ತಿಂಗಳು. ಲಾಳಿ ಎಸೆಯುವುದನ್ನು ನಿಲ್ಲಿಸದೆಯೇ ಕೇಳಿದಳು: ‘ಮೂರು ವರ್ಷ ದಿನಾ ಸಂಜೀಕ ನಲವತ್ತೊಂದು ಅಂದಿ. ನಂಬಿ ಇಲ್ಲೇ ಸಂಸಾರ ಮಾಡೀನಿ. ಇವತ್ತ ಬಂದು ನೋಡೇ ಇರಲಿಲ್ಲ ಅಂತೀ. ಅವತ್ತ ಸುಳ್ಳ ಹೇಳಿದಾಕಿ ಇವತ್ತ ಖರೇ ಹೇಳತಿ ಅಂತ ಹೆಂಗ ನಂಬಲಿ ಯವ್ವಾ?’

ಅವಳು ನನ್ನ ಮಗಳೇ, ಅನುಮಾನ ಅವಳಿಗೆ ನನ್ನಿಂದಲೇ ಬಂದದ್ದು. ಅಳು ಬಂತು, ಅತ್ತೆ. ಅದನ್ನೂ ಅವಳು ನಂಬಲಿಲ್ಲ. ಆಗ ದವ್ಲತ್ ಮುಂದೆ ಬಂದು ಆ ಬಾಟಲಿಯನ್ನು ಅವಳ ಕೈಗೆ ಕೊಟ್ಟು, ‘ತಂಗಿ, ನಮ್ಮನ್ನ ನಂಬಬ್ಯಾಡ. ಇದನ್ನ ನೋಡು’ ಎಂದ. ಅವಳು ಬಿರಡೆ ತೆಗೆದು, ಅಂಗೈ ಮೇಲೆ ಸುರಿದುಕೊಂಡು, ಬೆರಳಿನಿಂದ ತಿಕ್ಕಿ ನೋಡಿದಳು. ಹೊಳೆಯ ಮಣ್ಣು ಕೆಂಪು, ಉಸುಕು ಉಸುಕು. ಇದು ಕಪ್ಪು, ಬೆಣ್ಣೆಯ ಹಾಗೆ ನುಣುಪು. ಕರೇಬಂಡಿಯ ಹೊಟ್ಟೆಗೆ ನಮ್ಮ ಹಿರಿಯರ ಹೊಲದ ಎರೆಯನ್ನೇ ತುಂಬಿದ್ದಾರೆಂಬುದು ಊರಿನ ಪ್ರತಿಯೊಬ್ಬರಿಗೂ ಗೊತ್ತು. ಅವಳು ಎದ್ದಳು. ಅಂಗೈ ಒರೆಸಿಕೊಳ್ಳದೆ ಬಸ್ ಸ್ಟ್ಯಾಂಡಿಗೆ ನಡೆದು ಅಲ್ಲಿದ್ದವರಿಗೆಲ್ಲ ಆ ಕೈ ತೋರಿಸಿದಳು. ನಾಲ್ಕು ಗಂಟೆಯ ಹೊತ್ತಿಗೆ ಊರಲ್ಲಿ ನಾಯಿಗಳೂ ಉಳಿದಿರಲಿಲ್ಲ.

ಅಣೆಕಟ್ಟು ಒಡೆಯಲಿಲ್ಲ. ನೀರು ಇಳಿಸಿದ್ದರಿಂದ ಕೂದಲೆಳೆಯ ಅಂತರದಲ್ಲಿ ಉಳಿಯಿತು. ಎಂಟು ದೇಶಗಳ ಎಂಜಿನಿಯರುಗಳು ಬಂದು, ಹಗಲೆಲ್ಲ ಕೆಸರಿನಲ್ಲಿ ನಿಂತು, ತೂತು ಹುಡುಕಿ ಸಿಮೆಂಟು ತುಂಬಿದರು. ಅವರ ಕೆಲಸಕ್ಕೆ ಹೆಸರಿಡಲಾರೆ. ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೂ ಒಂದೇ ಕೈಯಿಂದ ಮಾಡಿದಂತೆ ಮಾಡಿದರು. ಮಹಾನಂದಾ ಗಂಡು ಕೂಸು ಹಡೆದು ಹೊಳೆದಂಡೆಯ ಮನೆಗೇ ವಾಪಸಾದಳು. ಬೇಡ ಎಂದೆ. ಮಗ್ಗ ಎಲ್ಲಿದೆಯೋ ಅಲ್ಲೇ ಮನೆ ಎಂದಳು. ದವ್ಲತ್‌ನನ್ನು ಕೆಲಸದಿಂದ ತೆಗೆದು ಅವನ ಊರಿಗೆ ಕಳಿಸಿದರು. ನನ್ನನ್ನು ಮಾತ್ರ, ಗಂಟೆ ಬಾರಿಸಿದವಳು ಎಂದು, ಇಟ್ಟುಕೊಂಡರು. ಬಾಟಲಿ ತುಂಬಿದವನು ಅವನು ಎಂದು ಹದಿನೆಂಟು ಸಲ ಹೇಳಿದೆ. ಹಳೆಯ ಕಥೆಯೇ, ಯಾರೂ ನಂಬಲಿಲ್ಲ.

ಕೊನೆಗೆ ದೊಡ್ಡ ಸಭೆ ಸೇರಿ ಹೊಸ ನಿಯಮ ಮಾಡಿದರು. ಇಬ್ಬರನ್ನು ನಂಬಿ ಕೆಟ್ಟೆವು, ಇನ್ನು ಮೂವರು ಇರಲಿ ಎಂದಿದ್ದಾರೆ. ಒಂದು ಊರಗಣ್ಣು, ಎರಡು ಪರಗಣ್ಣು, ಪುಸ್ತಕ ಒಂದೇ. ಮತ್ತು ಮೂರೂ ಅಳತೆಗಳು ಪರಸ್ಪರ ತಾಳೆಯಾಗತಕ್ಕದ್ದು. ಪುಸ್ತಕಗಳನ್ನು ಬೇರೆ ಮಾಡಿ, ಒಬ್ಬರದನ್ನು ಒಬ್ಬರು ನೋಡದಂತೆ ಬರೆಯಿಸಿ, ವ್ಯತ್ಯಾಸ ಬಂದರೆ ಗಂಟೆ ಬಾರಿಸುವ ಬದಲು ಎಲ್ಲರೂ ಕೂಡಿ ಇಳಿದು ನೋಡಲಿ ಎಂದು ಅರ್ಜಿ ಕೊಟ್ಟೆ. ಮೂಲ ಒಪ್ಪಂದದ ಹದಿನಾಲ್ಕನೆಯ ಕಲಮನ್ನು ತಿದ್ದುವ ಅಧಿಕಾರ ಅದನ್ನು ಬರೆದವರಿಗೆ ಮಾತ್ರ ಇದೆ, ಅವರು ಈಗ ಬದುಕಿಲ್ಲ ಎಂದು ಉತ್ತರ ಬಂತು. ಬದುಕಿರುವ ಕಾಲಕ್ಕೇ ಈ ಪತ್ರ ಹಾಕುತ್ತಿದ್ದೇನೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ನಾನಾದರೆ ನಂಬುತ್ತಿರಲಿಲ್ಲ. ನಿಮ್ಮ ಯಾವುದಾದರೂ ಅಣೆಕಟ್ಟಿಗೆ ಹೋಗಿ, ಎಲ್ಲರೂ ಸಹಿ ಹಾಕಿದ ಚೊಕ್ಕ ಪುಸ್ತಕವನ್ನು ಬದಿಗಿಟ್ಟು, ನೀವೇ ತಳದವರೆಗೆ ಇಳಿದು ನೋಡಿ. ಆಮೇಲೆ ಆ ಸಾಲಿನ ಮೇಲೆ ಗೆರೆ ಎಳೆಯಿರಿ.

ಬೇಗ ಎಳೆಯಿರಿ. ಹೊಸ ಪರಗಣ್ಣುಗಳು ಇಬ್ಬರೂ ಬಂದಿದ್ದಾರೆ, ಬಹಳ ವಿನಯದ ಹುಡುಗಿಯರು, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಈಗ ಸಂಜೆ ನಾಲ್ಕಾಯಿತು. ಐವತ್ತನೆಯ ಮೆಟ್ಟಿಲಿನ ಮೇಜಿನ ಮೇಲೆ ಪುಸ್ತಕ ತೆರೆದೇ ಇದೆ, ಅವರಿಬ್ಬರೂ ಬರೆದು ಹೋಗಿದ್ದಾರೆ, ಎರಡೂ ಅಂಕಿ ತಾಳೆಯಾಗಿವೆ. ನನ್ನ ಮೊಣಕಾಲು ಇವತ್ತು ಬಹಳ ನೋಯುತ್ತಿದೆ.

ನೀಲಗಂಗಾ ಕುಂಬಾರ
ಊರಗಣ್ಣು, ಕರೇಬಂಡಿ