ನಲವತ್ತೊಂದನೆಯ ಡಬ್ಬಿ

೨೦ ಅಕ್ಟೋಬರ್ ೨೦೨೪, ರವಿವಾರ
ಉಣಕಲ್, ಹುಬ್ಬಳ್ಳಿ

ಪ್ರೀತಿಯ ಮುಸರತ,

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೆ? ಹೊಲಿಗೆ ಯಂತ್ರಕ್ಕೆ ಮೋಟಾರು ಕೂಡಿಸುತ್ತೇನೆ ಎಂದಿದ್ದೆ, ಕೂಡಿಸಿದೆಯಾ? ನಿನ್ನ ರಮಜಾನಿನ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ. ಆರು ತಿಂಗಳು ತಡ. ಮೊದಲ ನಾಲ್ಕು ತಿಂಗಳಿಗೆ ಕೆಲಸದ ನೆಪವಿದೆ, ಆಮೇಲಿನ ಎರಡಕ್ಕೆ ಇಲ್ಲ. ಮೂರು ಸಲ ಫೋನ್ ಮಾಡಿ, ಮೂರು ಸಲವೂ ಗದಗಿನ ಬಿಸಿಲಿನ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ. ಇದನ್ನು ಓದಿದ ಮೇಲೆ ನೀನು ನನ್ನೊಡನೆ ಮಾತು ಬಿಡಬಹುದು. ತಡವಾದದ್ದು ಅದಕ್ಕೇ.

ಈ ವರ್ಷ ನಾನು ಹುಡುಕುತ್ತಿದ್ದದ್ದು ಟೈಫಾಯಿಡ್ ರೋಗಿಗಳನ್ನಲ್ಲ, ಆರೋಗ್ಯವಾಗಿರುವವರನ್ನು. ಜ್ವರ ಬಂದು ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ಆ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉಳಿದುಬಿಡುತ್ತದೆ. ಅವರಿಗೆ ಏನೂ ಆಗುವುದಿಲ್ಲ. ಅವರ ಕೈಯಲ್ಲಿ ಉಂಡವರಿಗೆ ಆಗುತ್ತದೆ. ಹಾಗಾಗಿ ವಿದ್ಯಾನಗರದ ಸುತ್ತಲಿನ ಖಾನಾವಳಿಗಳಲ್ಲಿ ಅಡುಗೆ ಮಾಡುವ ನಲವತ್ತು ಹೆಂಗಸರ ಮಲಪರೀಕ್ಷೆ ಮಾಡಬೇಕಿತ್ತು.

ಮೊದಲ ದಿನವೇ ಭಾಗ್ಯಶ್ರೀ ಎಂಬವಳು ನನ್ನನ್ನು ಹಿಡಿದಳು. ರೊಟ್ಟಿ ಬಡಿಯುವ ಕೈ ನಿಲ್ಲಿಸಲೇ ಇಲ್ಲ.

"ಇಪ್ಪತ್ತು ವರ್ಷ ಈ ಕೈಲೆ ಬಡದೇನ್ರಿ ಅಕ್ಕಾರ, ಒಬ್ಬರೂ ಸತ್ತಿಲ್ಲ. ಡಬ್ಬಿ ಹಿಡ್ಕೊಂಡ ಬಂದಾರ ನೋಡ್ರೆವಾ, ಪ್ರಸಾದ ಕೇಳಾಕ ಬಂದಂಗ!"

ಒಲೆಯ ಸುತ್ತ ಇದ್ದವರೆಲ್ಲ ನಕ್ಕರು.

"ನಿಮ್ದ ಕೊಟ್ಟೀರೇನ್ರಿ? ಮೊದ್ಲ ನೀವ ಕೊಡ್ರಿ, ಆಮ್ಯಾಲೆ ನಾವ ಕೊಡ್ತೇವಿ."

"ಕೊಡ್ತೇನಿ," ಎಂದೆ.

ಕೊಟ್ಟೆ. ಇಪ್ಪತ್ತೇಳು ವರ್ಷ ಊರವರದನ್ನೆಲ್ಲ ಪರೀಕ್ಷಿಸಿದ್ದೇನೆ, ನನ್ನದನ್ನು ಒಮ್ಮೆಯೂ ಇಲ್ಲ. ಡಬ್ಬಿಗಳ ಮೇಲೆ ಹೆಸರಿರಲಿಲ್ಲ, ಅಂಕಿ ಮಾತ್ರ. ನನ್ನದು ನಲವತ್ತೊಂದು. ಮಾತು ಉಳಿಸಿಕೊಳ್ಳಲು ಕೊಟ್ಟದ್ದು, ಅಷ್ಟೆ.

ನಾಲ್ಕನೆಯ ದಿನ ನಮ್ಮ ಲ್ಯಾಬಿನ ನಿಜಾಮುದ್ದೀನ ಗಾಜಿನ ತಟ್ಟೆಯೊಂದನ್ನು ಹಿಡಿದು ಬಂದ.

"ಮೇಡಂ, ನಲವತ್ತೊಂದರಾಗ ಟೈಫಾಯಿಡ್ ಬೆಳದೈತ್ರಿ. ಉಳದ ನಲವತ್ತರಾಗ ಒಂದೂ ಇಲ್ಲ, ಇದೊಂದ. ಯಾವ ಖಾನಾವಳಿ ಅಂತ ಲಗೂ ನೋಡ್ರಿ. ಆ ಹೆಣ್ಣಮಗಳ್ನ ಇವತ್ತ ಅಡಗಿಮನಿಯಿಂದ ಹೊರಗ ಕರೀಬೇಕು."

"ನೋಡ್ತೇನಿ," ಎಂದೆ. ನೋಡುವುದೇನೂ ಇರಲಿಲ್ಲ. ಮತ್ತೆರಡು ಸಲ ಪರೀಕ್ಷಿಸಿದೆ, ಎರಡು ಸಲವೂ ಅದೇ. ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಹರಳು ಕಂಡವು. ಎಂಟನೇ ಇಯತ್ತೆಯಲ್ಲಿ ಟೈಫಾಯಿಡ್ ಬಂದು ನಾನು ಒಂದು ತಿಂಗಳು ಸಾಲಿ ತಪ್ಪಿಸಿದ್ದು ನಿನಗೆ ನೆನಪಿರಬೇಕು. ನೀನು ದಿನಾ ಸಂಜೆ ಬಂದು ಪಾಠ ಹೇಳುತ್ತಿದ್ದೆ. ಆ ಜ್ವರ ಹೋಗಿತ್ತು, ಅದನ್ನು ತಂದದ್ದು ಹೋಗಿರಲಿಲ್ಲ.

ಸತ್ತೂರಿನ ಸರ್ಜನ್ ನವೆಂಬರಿನಲ್ಲಿ ಪಿತ್ತಕೋಶ ತೆಗೆಯೋಣ ಎಂದಿದ್ದಾರೆ. ಅಲ್ಲಿಯವರೆಗೆ ಯಾರಿಗೂ ತಿನ್ನಲು ಏನೂ ಮಾಡಿಕೊಡುತ್ತಿಲ್ಲ. ಚರ್ಚಿನ ಸುಗ್ಗಿ ಊಟಕ್ಕೆ ಕೋಸಂಬರಿ ನನ್ನ ಪಾಲಿಗಿತ್ತು. ಆರಾಮಿಲ್ಲ ಎಂದು ಹೇಳಿ ಕಳಿಸಿದೆ. ನೋಡಲು ಬರುತ್ತೇವೆ ಎಂದವರಿಗೂ ಬೇಡ ಎಂದೆ, ಬಂದವರಿಗೆ ಚಹಾ ಕೊಡದೆ ಕಳಿಸುವುದು ನನಗೆ ಬರುವುದಿಲ್ಲ. ಎರಡು ತಿಂಗಳಿಂದ ಈ ಮನೆಯಲ್ಲಿ ಎರಡನೆಯ ತಾಟು ತೆಗೆದಿಲ್ಲ. ಸಂಜೆ ಕೆರೆಯ ದಂಡೆಗೆ ಒಂದು ಸುತ್ತು ಹೋಗಿ ಬಂದು ಬಾಗಿಲು ಹಾಕಿಕೊಳ್ಳುತ್ತೇನೆ.

ಭಾಗ್ಯಶ್ರೀಗೆ ಮಾತ್ರ ಖರೇ ಹೇಳಿದೆ. ಕೇಳಿದ್ದು ಅವಳಲ್ಲವೆ? ನಗಬಹುದೆಂದು ಸಿದ್ಧಳಾಗಿಯೇ ಹೋಗಿದ್ದೆ. ಅವಳು ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು, "ಮನ್ಯಾಗ ಯಾರ ಅದಾರ್ರಿ ನಿಮಗ?" ಎಂದಳು. ಯಾರೂ ಇಲ್ಲ ಎಂದೆ. "ಹಂಗಾರ ಒಂದ ಚಿಂತಿ ಕಡಿಮಿ ಆತ ನೋಡ್ರಿ," ಎಂದಳು. ಸಮಾಧಾನಕ್ಕೆ ಹೇಳಿದ ಮಾತು. ಮನೆ ಮುಟ್ಟುವವರೆಗೂ ಅದು ನನ್ನ ಜೊತೆ ಬಂತು.

ಈಗ ಉಜ್ಮಾಳ ಹೆಸರು ಬರೆಯಬೇಕು. ನಿನ್ನ ಮಗಳು ಡಿಗ್ರಿ ಓದಲು ಬಂದು ನನ್ನ ಮನೆಯಲ್ಲಿ ಹದಿನಾಲ್ಕು ತಿಂಗಳಿದ್ದಳು. ಬೆಳಿಗ್ಗೆ ಹಚ್ಚಿದ ಅವಲಕ್ಕಿ ಕೇಳುತ್ತಿದ್ದಳು. ಅದಕ್ಕೆ ಒಲೆ ಬೇಡ. ಎಣ್ಣೆ, ಖಾರ, ಉಳ್ಳಾಗಡ್ಡಿ ಹಾಕಿ ಕೈಯಿಂದ ಹಚ್ಚಬೇಕು. ನಾನೇ ಹಚ್ಚಿಕೊಡುತ್ತಿದ್ದೆ. ಕೈ ತೊಳೆದಿರುತ್ತಿದ್ದೆ. ಎಷ್ಟು ಚೆನ್ನಾಗಿ ಎಂದು ಆರು ವರ್ಷದ ಮೇಲೆ ಹೇಳಲಾರೆ. ಟೈಫಾಯಿಡಿನಿಂದ ಕರುಳು ತೂತಾಗಿ ಅವಳು ಹೋದಾಗ ಹತ್ತೊಂಬತ್ತು. ಅವಳ ರಕ್ತದಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಗುರುತಿಸಿದವಳು ನಾನು, ನಿಯಮದಂತೆ ಫ್ರೀಜರಿನಲ್ಲಿ ಇಟ್ಟವಳೂ ನಾನು. ಅದು ಈಗಲೂ ಅಲ್ಲಿದೆ. ಅದನ್ನೂ ನನ್ನದನ್ನೂ ಜೀನ್ ಪರೀಕ್ಷೆಗೆ ಕಳಿಸಿದರೆ ಎರಡೂ ಒಂದೇ ಮೂಲದವೋ ಅಲ್ಲವೋ ತಿಳಿಯುತ್ತದೆ. ಟೈಫಾಯಿಡಿಗೆ ಈ ಊರಲ್ಲಿ ನೂರು ದಾರಿಗಳಿವೆ, ಅವೆರಡೂ ಬೇರೆ ಬೇರೆಯೂ ಇರಬಹುದು. ನಿನ್ನನ್ನು ಕೇಳದೆ ಕಳಿಸಲಾರೆ. ಬೇಡ ಎಂದರೆ ಆ ಶೀಶೆಯನ್ನು ಮುಟ್ಟುವುದಿಲ್ಲ.

ನಿನ್ನ ಅಲ್ಲಾಹನೂ ನನ್ನ ಕರ್ತನೂ ನಿನ್ನ ಕೈಕಾಲು ಗಟ್ಟಿಯಾಗಿಡಲಿ, ಕಣ್ಣಿಗೆ ದಾರ ಕಾಣಿಸುತ್ತಿರಲಿ.

ನಿನ್ನ
ಈವ್ಲಿನ್

ತಾ.ಕ.: ಮೇಲಿನದೆಲ್ಲ ಲ್ಯಾಬಿನ ವಿಷಯ. ಹೇಳಬೇಕಾದದ್ದು ಇನ್ನೂ ಉಳಿದಿದೆ. ಆಸ್ಪತ್ರೆಗೆ ಸೇರಿಸಿದ ದಿನ, ನೀನು ಇನ್ನೂ ಬಂದಿರಲಿಲ್ಲ, ಉಜ್ಮಾ ನನ್ನ ಕೈ ಹಿಡಿದು ಹೇಳಿದ್ದಳು: "ಆಂಟಿ, ಖರೇ ಹೇಳ್ತೇನ್ರಿ, ನಾ ಹೊರಗ ಏನೂ ತಿಂದಿಲ್ಲ. ಅಮ್ಮಿ ಬೈತಾಳ, ನೀವ ಹೇಳ್ರಿ ಆಕಿಗೆ." ನಾನು ನಕ್ಕೆ. "ಎಲ್ಲಾರೂ ಹಿಂಗ ಹೇಳ್ತಾರವಾ," ಎಂದೆ. ನೀನು ಬಂದಾಗ, ಕಾಲೇಜಿನ ಮುಂದಿನ ಗಾಡಿಯಲ್ಲಿ ತಿಂದಿರಬೇಕು ಎಂದೆ. ಮಯ್ಯತ್ತಿನ ದಿನ ನೀನು ಬಂದವರಿಗೆಲ್ಲ "ನನ್ನ ಮಾತ ಕೇಳಲಿಲ್ಲ ಹುಡುಗಿ, ಬಾಯಿ ಚಪಲಕ್ಕ ಹೋತು," ಎಂದು ಹೇಳುತ್ತ ಅತ್ತೆ. ನಾನು ಪಕ್ಕದಲ್ಲೇ ಕೂತಿದ್ದೆ. ಅವಳ ಮಾತನ್ನು ನಿನಗೆ ಮುಟ್ಟಿಸಲಿಲ್ಲ. ಪರೀಕ್ಷೆ ಏನೇ ಹೇಳಲಿ, ಇದಕ್ಕೆ ಪರೀಕ್ಷೆ ಬೇಕಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಬರುವ ಶನಿವಾರ ಬೆಳಗಿನ ಬಸ್ಸಿಗೆ ನಾನೇ ಗದಗಿಗೆ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ.