ಆಲಿಕಲ್ಲಿನಲ್ಲಿ ಹಾಕಿದ ಪಂಚರ್

ಮಾರ್ಚ್ ೧೩, ಗುರುವಾರ. ದ್ರಾಕ್ಷಿ ಸೀಮೆಯಲ್ಲಿ ಸೈಕಲ್ ತುಳಿಯುತ್ತಾ ಐದನೇ ದಿನ.

ಮುಂದಿನ ಚಕ್ರವನ್ನು ಈಗ ಮತ್ತೆ ಒತ್ತಿ ನೋಡಿದೆ. ಗಾಳಿ ಒಂಚೂರೂ ಇಳಿದಿಲ್ಲ. ಇಳಿದಿದ್ದರೆ ಬೈಯಲಿಕ್ಕೆ ಏನಾದರೂ ಸಿಗುತ್ತಿತ್ತು.

ಮಧ್ಯಾಹ್ನ ಪಂಚರ್ ಆಗಿ, ದಾರಿ ಬದಿಯ ತೋಟದ ಶೆಡ್ಡಿಗೆ ತಳ್ಳಿಕೊಂಡು ಹೋದೆ. ಕಾಲಿಟ್ಟೆನೋ ಇಲ್ಲವೋ, ಆಲಿಕಲ್ಲು ಶುರು. ಸೋಮವಾರ ಕೊಯ್ಲಂತೆ. ವೈನ್‌ಗೆಂದು ವರ್ಷವಿಡೀ ಕಾದ ಹಣ್ಣು ಕಣ್ಣೆದುರೇ ಒಡೆದು ಉದುರುತ್ತಿತ್ತು. ತೋಟದ ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಬಂದು ನನ್ನ ಕೈಯಿಂದ ಟ್ಯೂಬ್ ತೆಗೆದುಕೊಂಡರು.

"ಬಿಡಿ, ನಾನೇ ಹಾಕ್ಕೋತೀನಿ," ಅಂದೆ.

"ಕೊಡಮ್ಮ. ಕೈ ಸುಮ್ನೆ ಇರಲ್ಲ."

ಬಕೆಟ್ ನೀರಲ್ಲಿ ಅದ್ದಿ ಗುಳ್ಳೆ ಹುಡುಕಿದರು, ಒರೆಸಿದರು, ಉಜ್ಜಿದರು, ಪ್ಯಾಚ್ ಅಂಟಿಸಿ ಹೆಬ್ಬೆರಳಿಂದ ಒತ್ತಿ ಹಿಡಿದರು. ತಗಡಿನ ಮೇಲಿನ ಸದ್ದು ನಿಂತರೂ ಬೆರಳು ತೆಗೆಯಲಿಲ್ಲ.

"ರೀ, ನಿಂತಿತು. ಹೋಗಿ ತೋಟ ನೋಡೋಣ ಬನ್ನಿ," ಅಂದರು ಅವರ ಹೆಂಡತಿ.

"ತಡಿಯೇ, ಇನ್ನೂ ಅಂಟಿಲ್ಲ."

ಅದು ಅಂಟಿ ಎಷ್ಟೋ ಹೊತ್ತಾಗಿತ್ತು. ಅವರಿಗೂ ಗೊತ್ತು, ನನಗೂ ಗೊತ್ತು. ನಾನೂ ಬಗ್ಗಿ ಪ್ಯಾಚ್ ನೋಡಿ ಅಂದೆ: "ಹೌದು, ಇನ್ನೊಂಚೂರು ಒತ್ತಿ ಹಿಡೀರಿ."