ಮಸ್ಕತ್ತಿನ ಪೆಟ್ಟಿಗೆ

ಬಂದರ್, ಮಂಗಳೂರು
೨೪ ಜನವರಿ ೨೦೨೫, ಶುಕ್ರವಾರ

ಬೆಂಗ್ರೆಯ ರೂಪೇಶ್ ಮಾಮನಿಗೆ,

ತೃಷಾ ಬರೆಯುವುದು. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಹೊಳೆಯ ಆಚೆಗೆ ಈ ಪತ್ರ. ಚೆನ್ನಾಗಿದ್ದೀರಾ ಎಂದು ಕೇಳಬೇಕು. ಆದರೆ ಇವತ್ತು ಅದನ್ನು ತಿಳಿಯುವ ಆಸೆ ನನಗಿಲ್ಲ, ಇಲ್ಲದ್ದನ್ನು ಬರೆಯಲಾರೆ.

ಮಸ್ಕತ್ತಿನಲ್ಲಿ ಅಪ್ಪನ ಜೊತೆ ಕೆಲಸಕ್ಕಿದ್ದ ನೀವು ಒಂಬತ್ತು ವರ್ಷದ ಹಿಂದೆ ಒಬ್ಬರೇ ವಾಪಸು ಬಂದಿರಿ. ಆ ಹೊತ್ತಿಗೆ ಅಪ್ಪನ ಫೋನ್ ನಿಂತು ವರ್ಷವಾಗಿತ್ತು. ಲಗೇಜು ಹಡಗಿನಲ್ಲಿ ತಡವಾಯಿತು ಎಂದು ಎರಡು ತಿಂಗಳು ಕಳೆದು ಅಮ್ಮನಿಗೆ ಒಂದು ಪೆಟ್ಟಿಗೆ ತಂದುಕೊಟ್ಟಿರಿ. ಕಪ್ಪು ಮರ, ಮುಚ್ಚಳದಲ್ಲಿ ಬಿಳಿ ಚೂರುಗಳನ್ನು ಕೂರಿಸಿ ಮಾಡಿದ ಹೂಬಳ್ಳಿ. ಅಪ್ಪನ ಹೆಸರು ಹೇಳಿ, ಶೈಲೇಶ್ ಕಳಿಸಿದ್ದು, ನೂರು ವರ್ಷ ಹಳೆಯದಂತೆ ಎಂದಿರಿ. ಆಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿರಿ.

ನಾನು ಶಾಲೆ ಬಿಟ್ಟವಳು, ಯಾವ ಕೆಲಸದಲ್ಲೂ ಮೂರು ತಿಂಗಳು ನಿಂತವಳಲ್ಲ. ಈಗ ಅಫ್ರೋಝಣ್ಣನ ಹಳೇ ಮರದ ಸಾಮಾನಿನ ಅಂಗಡಿಯಲ್ಲಿ ರಿಪೇರಿ ಕಲಿಯುತ್ತಿದ್ದೇನೆ. ಹೋದ ವಾರ ಅಮ್ಮ ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿ ತಂದರು. "ಇದು ಯಾವ ಊರಿದ್ದು ಅಂತ ಸರಿ ನೋಡು ಮಗಾ. ಊರು ಗೊತ್ತಾದ್ರೆ ಅಪ್ಪ ಇರುವ ಜಾಗ ಗೊತ್ತಾಗ್ತದೆ" ಎಂದರು.

ನೋಡಿದೆವು. ಅಫ್ರೋಝಣ್ಣ ಉಗುರಿನಿಂದ ಕೆರೆದು ನಕ್ಕರು. "ನೂರು ವರ್ಷವಾ? ಇದಕ್ಕೆ ಚಾದ ಬಣ್ಣ ಕುಡಿಸಿ ಅಜ್ಜಿ ಮಾಡಿದ್ದು ಮಾರಾಯ್ತಿ! ಹತ್ತು ವರ್ಷ ಸಹ ಆಗಿಲ್ಲ." ಮರ ಹಲಸು. ಬಿಳಿ ಚೂರುಗಳು ದಂತವಲ್ಲ, ನಾವು ಸುಕ್ಕ ಮಾಡಿ ತಿಂದು ಬಿಸಾಡುವ ಮರುವಾಯಿಯ ಚಿಪ್ಪು. ಕೊನೆಗೆ ಒಳಗಿನ ಕೆಂಪು ಬಟ್ಟೆ ಕಿತ್ತೆ. ಹಲಗೆಗಳ ಸಂದಿಗಳಲ್ಲೆಲ್ಲ ಹತ್ತಿಯ ನೂಲು ತುರುಕಿ, ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದಿತ್ತು.

ಪೆಟ್ಟಿಗೆಗೆ ನೀರು ನುಗ್ಗುವುದಿಲ್ಲ ಮಾಮ, ದೋಣಿಗೆ ನುಗ್ಗುತ್ತದೆ. ಮಸ್ಕತ್ತಿಗೆ ಹೋಗುವ ಮೊದಲು ಬೆಂಗ್ರೆಯಲ್ಲಿ ವರ್ಷಗಟ್ಟಲೆ ದೋಣಿ ಕಟ್ಟಿದ ನಿಮ್ಮ ಕೈಗೆ ಸಂದಿ ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಅಮ್ಮನ ಮುಖ ನೋಡಲಾಗದೆ ಇದನ್ನು ನೀವೇ ಮಾಡಿದಿರಿ ಎಂದು ಅರ್ಥವಾಗುತ್ತದೆ. ಆದರೂ ಸಿಟ್ಟು ಇಳಿಯುವುದಿಲ್ಲ. ಅಪ್ಪ ಸತ್ತಿದ್ದಾರಾ, ಅಲ್ಲೇ ಬೇರೆ ಮನೆ ಮಾಡಿದ್ದಾರಾ? ಯಾವುದು ನಿಜವೋ ಅದನ್ನು ಬಂದು ಹೇಳಿ. ಸತ್ತಿದ್ದರೆ ಬೊಜ್ಜದ ಕ್ರಿಯೆ ಮಾಡಿ ಅವರಿಗೊಂದು ಎಲೆಯಾದರೂ ಬಡಿಸುತ್ತೇವೆ. ನಾನು ಕಂಡದ್ದನ್ನು ಸಂಜೆ ಅಮ್ಮನಿಗೆ ಹೇಳಲಿದ್ದೇನೆ.

ಇಂತಿ,
ಶೈಲೇಶರ ಮಗಳು
ತೃಷಾ

ಮತ್ತೆ ಸೇರಿಸಿದ್ದು: ಅಮ್ಮ ಸಂಜೆಯವರೆಗೆ ಕಾಯಲಿಲ್ಲ, ಈಗಷ್ಟೇ ಅಂಗಡಿಗೆ ಬಂದಿದ್ದರು. ಪೆಟ್ಟಿಗೆ ಮಸ್ಕತ್ತಿನದ್ದಲ್ಲ, ಬೆಂಗ್ರೆಯಲ್ಲಿ ಮಾಡಿದ್ದು ಎಂದೆ. ಮುಂದಿನದ್ದನ್ನು ಹೇಳಲು ಬಿಡಲಿಲ್ಲ. "ಬೆಂಗ್ರೆಯಾ? ಇಷ್ಟು ಹತ್ತಿರ ಇದ್ದಾರಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಲ್ಲಮ್ಮ, ಅಲ್ಲ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಸೀರೆ ಬದಲಿಸಲು ಮನೆಗೆ ಓಡಿದ್ದಾರೆ, ಮೂರು ಗಂಟೆಯ ಫೆರಿ ಹತ್ತುತ್ತಾರೆ. ನಾನೂ ಜೊತೆಗಿರುತ್ತೇನೆ. ಈ ಪತ್ರವನ್ನು ಅಂಗಡಿಯ ಹುಡುಗ ಬಾಸಿತ್ ಎರಡೂವರೆಯ ಫೆರಿಯಲ್ಲಿ ತರುತ್ತಾನೆ. ದಡಕ್ಕೆ ಬಂದು ನಿಂತುಕೊಳ್ಳಿ. ಇಳಿಯುವ ಮೊದಲೇ ಅಮ್ಮನಿಗೆ ಕಾಣಲಿ, ನೀವು ಒಬ್ಬರೇ ಇದ್ದೀರೆಂದು.